ಗುಡುಗಿಗೆ ಕಟ್ಟಿದ್ದ ಹಳದಿ ದೀಪ

ಗುಡುಗು ಕೇಳಿದ ಕೂಡಲೇ ನಮ್ಮ ಕಡೆಯವರು ಮಾಡುವ ಮೊದಲ ಕೆಲಸ ಪ್ಲಗ್ ಕೀಳುವುದು. ಹಗ್ಗದ ಮೇಲಿನ ಬಟ್ಟೆ ಆಮೇಲೆ, ಅಂಗಳದಲ್ಲಿ ಹರಡಿದ ಕಾಳುಮೆಣಸು ಆಮೇಲೆ. ಸ್ವಿಚ್ ಆರಿಸಿದರೆ ಸಾಲದು, ಪಿನ್ನು ಗೋಡೆಯಿಂದ ಹೊರಬಂದು ನೇತಾಡಬೇಕು. ಬಯಲುಸೀಮೆಯಿಂದ ಬಂದ ನೆಂಟರು ಇದನ್ನು ನೋಡಿ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗಿದೆ! ನನ್ನ ಅಪ್ಪನ ಕಾಲದಲ್ಲಿ ಗೋಡೆಯ ಫೋನು ಸಿಡಿಲಿಗೆ ಒಡೆದು ಅದರ ಚೂರು ಅಕ್ಕಿ ಡಬ್ಬಿಯೊಳಗೆ ಸಿಕ್ಕಿತ್ತು. ನಾನೇ ಎರಡು ಟೀವಿ, ಒಂದು ಪಂಪಿನ ಮೋಟಾರು, ಇಂಟರ್ನೆಟ್ಟಿನ ಒಂದು ಪೆಟ್ಟಿಗೆ ಸುಟ್ಟುಕೊಂಡಿದ್ದೇನೆ. ಹಾಗಾಗಿ ದೂರದ ದೇವರಮನೆ ಗುಡ್ಡದ ಕಡೆ ಒಮ್ಮೆ ಗುಡುಗಿತೆಂದರೆ ಸಾಕು, ನನ್ನ ಕಾಲು ತಾನಾಗಿ ಮನೆಯೊಳಗೆ ಓಡುತ್ತದೆ. ಈ ಅಭ್ಯಾಸ ತಪ್ಪೆಂದು ಇವತ್ತೂ ನಾನು ಹೇಳುವುದಿಲ್ಲ. ಆದರೆ ಒಂದು ದಿನ ಕಿತ್ತ ಒಂದು ಪ್ಲಗ್ಗು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ.

ನಾನು ಜೀಪು ರಿಪೇರಿ ಮಾಡುವವನು. ಬಾಳೂರು ದಾಟಿ ಕಳಸದ ಕಡೆ ಹೋಗುವ ರಸ್ತೆಯಂಚಿನಲ್ಲಿ ನನ್ನ ಗ್ಯಾರೇಜು, ಅದರ ಹಿಂದೆ ಮನೆ. ಮನೆಯ ಹಿಂದೆ ನೆಲ ತಗ್ಗಿಗೆ ಇಳಿಯುತ್ತದೆ. ಒಂದಿಷ್ಟು ಕಾಫಿ ಗಿಡ, ಒಂದು ಹಲಸಿನ ಮರ, ಅದರಾಚೆ ಎಸ್ಟೇಟಿನ ಮೇಸ್ತ್ರಿಯೊಬ್ಬನ ಮನೆ. ಮೇಸ್ತ್ರಿಯೂ ಅವನ ಹೆಂಡತಿಯೂ ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ಇರುವವಳು ಅವನ ತಂಗಿ ಒಬ್ಬಳೇ. ನಲವತ್ತರ ಆಸುಪಾಸಿನ ವಯಸ್ಸು, ಮದುವೆಯಾಗಿಲ್ಲ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಬಾಯಿ ಮಾತೂ ಇಲ್ಲ. ಹೊಲಿಗೆ ಅವಳ ಕಸುಬು. ಸುತ್ತಲಿನ ಎಸ್ಟೇಟ್ ಆಳುಗಳ ಲೈನ್ ಮನೆಗಳ ಹೆಂಗಸರ ರವಿಕೆಯೆಲ್ಲ ಅವಳೇ ಹೊಲಿಯುವುದು. ಅಳತೆಗೆ ಬಂದವರ ಹತ್ತಿರ ಏನಾದರೂ ಕೇಳಬೇಕಿದ್ದರೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ತೋರಿಸುತ್ತಾಳೆ. ಮುದ್ದಾದ ಅಕ್ಷರ, ನನ್ನದಕ್ಕಿಂತ ನೂರು ಪಾಲು ವಾಸಿ.

ಚಿಕ್ಕಂದಿನಲ್ಲಿ ಅವಳನ್ನು ಘಟ್ಟದ ಕೆಳಗಿನ ಒಂದು ಶಾಲೆಯ ಹಾಸ್ಟೆಲ್ಲಿಗೆ ಸೇರಿಸಿದ್ದರು. ಕಿವಿ ಕೇಳಿಸದ ಮಕ್ಕಳ ಶಾಲೆ. ಕೈಯ ಭಾಷೆ ಕಲಿತದ್ದು ಅಲ್ಲೇ. ಅಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಹುಡುಗಿ ಇವಳ ಜೀವದ ಗೆಳತಿ. ಶಾಲೆ ಮುಗಿದ ಮೇಲೆ ಇವಳು ಘಟ್ಟ ಹತ್ತಿ ಬಂದಳು, ಅವಳು ಕೆಳಗೇ ಉಳಿದಳು. ನಮ್ಮ ಊರಿನಲ್ಲಿ ಆ ಕೈಭಾಷೆ ಬಲ್ಲವರು ಇನ್ನೊಬ್ಬರಿಲ್ಲ. ಒಡಹುಟ್ಟಿದ ಅಣ್ಣನಿಗೂ ಊಟ, ನೀರು, ಬಾ, ಹೋಗು, ಜ್ವರ, ಇಷ್ಟೇ ಗೊತ್ತು. ಅಂದರೆ ಮನಸ್ಸಿನಲ್ಲಿರುವುದನ್ನು ಪೂರ್ತಿ ಹೇಳಿಕೊಳ್ಳಲು ಅವಳಿಗೆ ಈ ಭೂಮಿಯ ಮೇಲೆ ಇದ್ದದ್ದು ಒಬ್ಬಳೇ ಒಬ್ಬಳು.

ಆ ಒಬ್ಬಳ ಜೊತೆ ಮಾತಾಡಲು ಅವಳು ರಸ್ತೆಗೆ ಬರಬೇಕಿತ್ತು. ತಗ್ಗಿನಲ್ಲಿರುವ ಅವರ ಮನೆಗೆ ಮೊಬೈಲ್ ಸಿಗ್ನಲ್ ಇಳಿಯುವುದಿಲ್ಲ. ಗ್ಯಾರೇಜಿನ ಆಚೆ ತಿರುವಿನಲ್ಲಿ ಒಂದು ಮೋರಿ ಇದೆ, ಅಲ್ಲಿ ಮಾತ್ರ ಸಿಗುತ್ತದೆ. ಮೋರಿಯ ಕಟ್ಟೆಯ ಮೇಲೆ ಕೂತು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಮಾತಾಡುತ್ತಿದ್ದಳು. ಎರಡೂ ಕೈ ಬೇಕಾದಾಗ ಫೋನನ್ನು ಕಲ್ಲಿಗೆ ಒರಗಿಸುತ್ತಿದ್ದಳು, ಲಾರಿ ಹೋದರೆ ಅದು ಬೀಳುತ್ತಿತ್ತು. ಒಂದು ದಿನ ಗ್ಯಾರೇಜಿಗೆ ಬಂದಿದ್ದ ಡ್ರೈವರೊಬ್ಬ, ‘ನೋಡ್ ಮಾರಾಯ, ಮೂಗಿ ಗಾಳಿ ಜೊತೆ ಜಗಳ ಆಡ್ತಿದಾಳೆ’ ಅಂದ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ನಕ್ಕೆ.

ಒಳಗಿಂದ ನನ್ನ ಹೆಂಡತಿ ಕೇಳಿಸಿಕೊಂಡಿದ್ದಳು. ಊಟಕ್ಕೆ ಕೂತಾಗ ತಟ್ಟೆ ಕುಕ್ಕಿ ಇಟ್ಟಳು.

‘ನಿಮ್ಮದೊಂದು ಕೈ ಬೆನ್ನಿಗೆ ಕಟ್ಟಿ ಹಾಕಿ, ಈಗ ಜೀಪ್ ರಿಪೇರಿ ಮಾಡಿ ಅಂದ್ರೆ ಮಾಡ್ತೀರಾ?’

‘ಅದಕ್ಕೂ ಇದಕ್ಕೂ ಎಂಥ ಸಂಬಂಧ ಮಾರಾಯ್ತಿ?’

‘ಅವಳು ದಿನಾ ಅರ್ಧ ಬಾಯಲ್ಲಿ ಮಾತಾಡ್ತಿದಾಳೆ. ನೀವು ಹಲ್ಲು ಕಿರೀತೀರಿ. ನಮ್ಮನೆ ಇಂಟರ್ನೆಟ್ ಇಡೀ ದಿನ ಸುಮ್ನೆ ಗೋಡೆಗೆ ಬಡ್ಕೊಂಡು ಬಿದ್ದಿರುತ್ತೆ. ಆ ಕಡೆ ಸ್ವಲ್ಪ ಬಿಟ್ರೆ ನಿಮ್ಮ ಗಂಟು ಹೋಗುತ್ತಾ?’

ನಾನು ಕೋಪಿಷ್ಠ, ಆದರೆ ನಾಚಿಕೆ ಇಲ್ಲದವನಲ್ಲ. ಆ ಹೊತ್ತಿಗೆ ಸರಿಯಾಗಿ ಎಸ್ಟೇಟಿನ ಆಫೀಸಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಮೂಲೆಗೆ ಹಾಕಿದ್ದರು. ಮೇಸ್ತ್ರಿ ಸಾಹುಕಾರ್ರನ್ನು ಕೇಳಿ ಅದನ್ನು ತಂಗಿಗೆ ತಂದ. ಮೂಡಿಗೆರೆಯಿಂದ ನಾನು ಒಂದು ಕ್ಯಾಮೆರಾ, ಆ ಮುದಿ ಕಂಪ್ಯೂಟರಿಗೆ ವೈಫೈ ಹಿಡಿಯಲು ಬೆರಳುದ್ದದ ಒಂದು ಡಾಂಗಲ್, ನಮ್ಮ ಮನೆಯ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸಲು ಒಂದು ರಿಪೀಟರ್ ತಂದೆ. ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಂಗೈಯಗಲದ ಡಬ್ಬಿ ಅದು. ನಮ್ಮ ಮನೆಯಿಂದ ಬರುವುದನ್ನು ಹಿಡಿದು ಆಚೆಗೆ ಮತ್ತೆ ಕೂಗಿ ಹೇಳುತ್ತದೆ, ಅಷ್ಟೇ ಅದರ ಕೆಲಸ.

ಅದನ್ನು ಗ್ಯಾರೇಜಿನ ಹಿಂದಿನ ಗೋಡೆಗೆ, ಅವರ ಮನೆ ಕಾಣುವ ಕಡೆ ಹಾಕಿದೆ. ಎರಚಲು ಬೀಳಬಾರದಲ್ಲ, ಮೇಲೆ ಒಂದು ಖಾಲಿ ಪೇಂಟಿನ ಡಬ್ಬ ಬೋರಲು ಕಟ್ಟಿದೆ. ಒಳ್ಳೆಯ ಗಟ್ಟಿ ತಗಡಿನ ಡಬ್ಬ. ಕೆಳಗಿನ ಮನೆಯಲ್ಲಿ ಕಂಪ್ಯೂಟರು ಒಂದು ಗೆರೆ ಸಿಗ್ನಲ್ಲನ್ನೂ ತೋರಿಸಲಿಲ್ಲ. ಎರಡು ದಿನ ಮೇಲೆ ಕೆಳಗೆ ಓಡಾಡಿದೆ, ಅಂಗಡಿಯವನಿಗೆ ಫೋನು ಮಾಡಿ ಬೈದೆ, ಹಲಸಿನ ಮರಕ್ಕೂ ಬೈದೆ. ಹೆಂಡತಿ ಬಂದು ಡಬ್ಬ ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

‘ಅದನ್ನ ತಗಡಿನೊಳಗೆ ಕೂಡಿ ಹಾಕಿದ್ರೆ ಎಲ್ಲಿಂದ ಹೋಗುತ್ತೆ ಪಾಪ? ನಿಮ್ಮನ್ನ ಒಳಗಿಟ್ಟು ಮುಚ್ಚಿದ್ರೆ ನೀವು ಕೂಗಿದ್ದು ಕೇಳುತ್ತಾ?’

ಡಬ್ಬ ಬಿಚ್ಚಿ ಪ್ಲಾಸ್ಟಿಕ್ ಬಕೆಟ್ ಕಟ್ಟಿದೆ. ಸಿಗ್ನಲ್ ಕೆಳಗಿನ ಮನೆ ಮುಟ್ಟಿತು. ಈ ಕಥೆಯನ್ನು ಅವಳು ನೆಂಟರಿಷ್ಟರ ಮದುವೆಯಲ್ಲೆಲ್ಲ ಹೇಳಿ ಮುಗಿಸಿದ್ದಾಳೆ.

ಮೊದಲ ದಿನ ಮಧ್ಯಾಹ್ನ ಮೂರು ಗಂಟೆಗೆ ನಾವಿಬ್ಬರೂ ಕೆಳಗಿನ ಮನೆಯ ಬಾಗಿಲಲ್ಲಿ ನಿಂತು ನೋಡಿದೆವು. ಪರದೆಯ ಮೇಲೆ ಗೆಳತಿ ಸೊಂಟದವರೆಗೆ ಪೂರ್ತಿ ಕಂಡಳು. ದುಂಡು ಮುಖ, ಗಲ್ಲದ ಮೇಲೆ ದೊಡ್ಡ ಮಚ್ಚೆ. ಇಬ್ಬರಿಗೂ ಎರಡೆರಡು ಕೈ ಬಿಡುವಾಗಿದ್ದವು. ಯಾ ಅಲ್ಲಾ, ಏನು ಮಾತು ಅದು! ಇವಳು ಕೂತಲ್ಲೇ ಕುಣಿದಳು, ಮೇಜು ಬಡಿದು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಕೋಣೆಯಲ್ಲಿ ಒಂದು ಸದ್ದಿಲ್ಲ. ಆದರೂ ಎರಡು ಹೆಂಗಸರು ಜೋರಾಗಿ ಹರಟುವ ಮನೆಗೆ ಕರೆಯದೆ ಬಂದು ನಿಂತಿದ್ದೇವೆ ಅನ್ನಿಸಿ, ನಾನು ಹೆಂಡತಿಯ ಸೆರಗು ಜಗ್ಗಿ ಹೊರಗೆ ಕರೆದುಕೊಂಡು ಬಂದೆ.

ಆಮೇಲೆ ಅದು ದಿನದ ಪದ್ಧತಿಯಾಯಿತು. ಮೂರು ಗಂಟೆಗೆ ಹೊಲಿಗೆ ಮೆಷಿನ್ನು ನಿಲ್ಲುತ್ತಿತ್ತು. ಬರಬರುತ್ತಾ ನಮಗೂ ಅವರ ಲೋಕದಲ್ಲಿ ಹೆಸರು ಸಿಕ್ಕವು. ಗೆಳತಿಯ ಹೆಸರು ಗಲ್ಲದ ಮೇಲೆ ಎರಡು ಬೆರಳು, ಮಚ್ಚೆಯಿರುವ ಜಾಗ. ನನ್ನ ಹೆಂಡತಿ ಅಂದರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುವುದು. ನಾನು ಅಂದರೆ ಮಣಿಕಟ್ಟಿನ ಹಿಂಬದಿಯಿಂದ ಹಣೆ ಒರೆಸಿಕೊಳ್ಳುವುದು. ಕೈಯೆಲ್ಲ ಗ್ರೀಸ್ ಇರುವಾಗ ನಾನು ಹಾಗೆಯೇ ಬೆವರು ಒರೆಸುತ್ತೇನಂತೆ. ಅದು ನನಗೇ ಗೊತ್ತಿರಲಿಲ್ಲ.

ಕಾಫಿ ಗಿಡ ಹೂವರಳಿಸುವ ಹೂಮಳೆಯ ಕಾಲ ಬಂತು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗೆಲ್ಲ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೇ ಬರುವುದು. ಮೊದಲ ಗುಡುಗಿಗೆ ನಾನು ಎಂದಿನಂತೆ ಓಡಿಹೋಗಿ ಇಂಟರ್ನೆಟ್ಟಿನ ಪ್ಲಗ್ ಕಿತ್ತೆ. ಐದು ನಿಮಿಷದಲ್ಲಿ ಅವಳು ಏದುಸಿರು ಬಿಡುತ್ತಾ ದಿಣ್ಣೆ ಹತ್ತಿ ಬಂದಳು. ಮುಖ ಕೆಂಡ. ಏನಾಯಿತೆಂದು ಕೈ ತಿರುಗಿಸಿದಳು. ನಾನು ಆಕಾಶ ತೋರಿಸಿದೆ, ಕಿವಿ ತೋರಿಸಿದೆ, ಎರಡೂ ಕೈಯಲ್ಲಿ ಸಿಡಿಲು ಬಿದ್ದಂತೆ ಮಾಡಿದೆ. ಆಗ ಹೊಳೆಯಿತು ನನಗೆ: ಇವಳಿಗೆ ಗುಡುಗು ಕೇಳುವುದೇ ಇಲ್ಲ! ಅವಳ ಪಾಲಿಗೆ ನಡೆದದ್ದು ಇಷ್ಟೇ, ಗೆಳತಿ ಮಾತಿನ ನಡುವೆ ಮಾಯವಾದಳು.

ಗ್ಯಾರೇಜಿನಲ್ಲಿ ನಿಂತಿದ್ದ ಜೀಪಿನ ಬಾನೆಟ್ಟಿನ ಮೇಲೆ ಅವಳು ಸೀಮೆಸುಣ್ಣದಲ್ಲಿ ಬರೆದಳು: ‘ಹೇಳಿ ಕೀಳಿ. ಬರುತ್ತೇನೆ ಅಂತ ಹೇಳದೆ ಹೋದರೆ ಅವಳು ಹೆದರುತ್ತಾಳೆ.’

ಆಯ್ತು ಅಂದೆ. ಆದರೆ ಪ್ರತಿ ಗುಡುಗಿಗೂ ದಿಣ್ಣೆ ಇಳಿದು ಹೋಗಿ ಹೇಳುವುದು ಹೇಗೆ? ಅಷ್ಟರಲ್ಲಿ ಸಿಡಿಲು ಮನೆಗೇ ಬಂದಿರುತ್ತದೆ. ಹಾಗಾಗಿ ಅವಳೇ ಕಿಟಕಿಯ ಕಡೆ ನೋಡುತ್ತಾ ಕೂರತೊಡಗಿದಳು. ಮೋಡ ಕಟ್ಟಿತಾ, ಮಿಂಚಿತಾ ಅಂತ. ಇದರಿಂದ ಇನ್ನೊಂದು ಪಜೀತಿ. ನಾವಾದರೆ ಕಿಟಕಿ ನೋಡುತ್ತಲೂ ಪಕ್ಕದವರ ಮಾತು ಕೇಳಿಸಿಕೊಳ್ಳುತ್ತೇವೆ. ಅವರ ಮಾತು ಕೇಳುವುದು ಕಣ್ಣಿನಿಂದ. ಕಣ್ಣು ಆಚೆ ಹೋಯಿತೆಂದರೆ ಆ ಹೊತ್ತಿನ ಮಾತು ಹೋಯಿತು. ಇವಳು ಕಿಟಕಿಯ ಕಡೆ ತಿರುಗಿದಾಗಲೆಲ್ಲ ಅತ್ತ ಗೆಳತಿ ಮುನಿಸಿಕೊಂಡು ಕೈಕಟ್ಟಿ ಕೂರುತ್ತಿದ್ದಳಂತೆ. ಇದನ್ನು ಮೇಜಿನ ಮೇಲೆ ಬರೆದು ತೋರಿಸಿದಾಗ ನನಗೆ ಪಾಪ ಅನ್ನಿಸಿತು.

ರಿಪೇರಿಯವನಿಗೆ ಯೋಚನೆ ಬಂದರೂ ಅದು ಜೀಪಿನ ದಾರಿಯಲ್ಲೇ ಬರುವುದು. ಗುಜರಿಗೆ ಹಾಕಿದ್ದ ಒಂದು ಜೀಪಿನಿಂದ ಇಂಡಿಕೇಟರ್ ಬಿಚ್ಚಿದೆ. ಹಳದಿ ಗಾಜಿನದು, ಟಿಕ್ ಟಿಕ್ ಅಂತ ಮಿನುಗುವಂಥದು. ಅದನ್ನು ಅವಳ ಕಂಪ್ಯೂಟರಿನ ಪರದೆಯ ತಲೆಯ ಮೇಲೆ ಕೂರಿಸಿದೆ. ಅಲ್ಲಿಂದ ಕಾಫಿ ಗಿಡಗಳ ನಡುವೆ ವೈರ್ ಎಳೆದು ನಮ್ಮ ಮನೆಯಲ್ಲಿ ಇಂಟರ್ನೆಟ್ ಪ್ಲಗ್ಗಿನ ಪಕ್ಕದಲ್ಲೇ ಒಂದು ಸ್ವಿಚ್ ಹಾಕಿದೆ. ಕರೆಂಟು ಹೋದರೂ ಉರಿಯಲಿ ಅಂತ ಒಂದು ಜೀಪಿನ ಬ್ಯಾಟರಿ ಕೊಟ್ಟೆ. ಆ ಬ್ಯಾಟರಿಯನ್ನು ಗ್ಯಾರೇಜಿನಲ್ಲಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಅವಳ ಮೇಜಿನ ಕೆಳಗೇ ಇಟ್ಟೆ. ಗುಡುಗಿದರೆ ನಾನು ಇಲ್ಲಿ ಸ್ವಿಚ್ ಒತ್ತುವುದು, ಅಲ್ಲಿ ದೀಪ ಮಿನುಗುವುದು, ಅವರು ಬರುತ್ತೇನೆ ಅಂತ ಹೇಳಿಕೊಳ್ಳಲು ಎರಡು ನಿಮಿಷ, ಆಮೇಲೆ ಪ್ಲಗ್ ಕೀಳುವುದು.

ಮೊದಲ ಸಲ ಅದು ಮಿನುಗಿದ ದಿನ ಅವಳು ಮತ್ತೆ ದಿಣ್ಣೆ ಹತ್ತಿ ಬಂದಳು, ಈ ಸಲ ನಗುತ್ತಾ. ಬಂದವಳೇ ಬಾನೆಟ್ಟಿನ ಮೇಲೆ ಬರೆದಳು: ‘ಇನ್ನು ಕಿಟಕಿ ನೋಡಬೇಕಾಗಿಲ್ಲ.’ ಆ ಅಕ್ಷರವನ್ನು ನಾನು ಒರೆಸಲಿಲ್ಲ. ಜೀಪಿನ ಯಜಮಾನನೇ ಮಾರನೆಯ ದಿನ ತೊಳೆದುಕೊಂಡ. ಜೀವನದಲ್ಲಿ ಎಷ್ಟೋ ಇಂಜಿನ್ ಬಿಚ್ಚಿ ಕಟ್ಟಿದ್ದೇನೆ, ಆದರೆ ಆ ದೀಪದಷ್ಟು ಹೆಮ್ಮೆ ನನಗೆ ಯಾವುದರಲ್ಲೂ ಆಗಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡೆ. ಮೂಗಿ ಎಂದವರಿಗೆ ಬೈದೆ. ಸ್ವಿಚ್ಚಿನ ಹತ್ತಿರ ಬೇರೆ ಯಾರೂ ಹೋಗಬಾರದೆಂದು ಹೆಂಡತಿಗೂ ತಾಕೀತು ಮಾಡಿದೆ.

‘ನಾನು ಒತ್ತಿದ್ರೆ ಗುಡುಗು ಬೇಜಾರು ಮಾಡ್ಕೊಳ್ಳುತ್ತಾ?’ ಅಂದಳು ಅವಳು.

ಒಂದು ಮಳೆಗಾಲ ಹೀಗೆ ಕಳೆಯಿತು. ಹಲಸಿನ ಎಲೆ ನೆನೆದರೆ ಸಿಗ್ನಲ್ ಸೊರಗುತ್ತಿತ್ತು, ಅಡ್ಡ ಬರುವ ಎರಡು ಕೊಂಬೆ ಕಡಿದೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಘಟ್ಟದ ಕೆಳಗಿನ ಗೆಳತಿ ಕಾಯಿಲೆ ಬಿದ್ದಳು. ಹೊಟ್ಟೆಯೊಳಗೆ ಗಡ್ಡೆ ಅಂದರು. ಆಸ್ಪತ್ರೆಗೆ ಹೋದಳು, ಬಂದಳು, ಮತ್ತೆ ಹೋದಳು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರು. ಹಾಸಿಗೆಯ ಪಕ್ಕದಲ್ಲಿ ಅವಳ ಅಣ್ಣನ ಮಗಳು ಫೋನು ಹಿಡಿದುಕೊಂಡು ಕೂರುತ್ತಿದ್ದಳು. ಆ ಹುಡುಗಿಗೆ ಕೈಭಾಷೆ ಬರದು, ಫೋನು ಹಿಡಿಯುವುದಷ್ಟೇ.

ಒಮ್ಮೆ ಸಿಗ್ನಲ್ಲಿನ ತಕರಾರು ನೋಡಲು ಕೆಳಗಿನ ಮನೆಗೆ ಹೋದಾಗ ನಾನು ಪರದೆಯ ಮೇಲೆ ಆಕೆಯನ್ನು ಕಂಡೆ. ದುಂಡು ಮುಖ ಇಳಿದುಹೋಗಿತ್ತು, ಮಚ್ಚೆ ಮಾತ್ರ ಹಾಗೇ ಇತ್ತು. ಮೊದಲು ತೋಳು ಬೀಸಿ ಮಾತಾಡುತ್ತಿದ್ದವಳ ಕೈ ಈಗ ಎದೆಯ ಮೇಲೆ ಸಣ್ಣಗೆ ಆಡುತ್ತಿತ್ತು. ನಮ್ಮಲ್ಲಿ ಸಾಯುವವರ ದನಿ ಇಳಿಯುತ್ತದಲ್ಲ, ಅವಳದು ಕೈ ಇಳಿದಿತ್ತು. ಇವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಓದುತ್ತಿದ್ದಳು. ನನ್ನನ್ನು ಕಂಡು ಆಕೆ ಮಣಿಕಟ್ಟಿನಿಂದ ಹಣೆ ಒರೆಸಿಕೊಂಡಳು. ನನ್ನ ಹೆಸರು. ನನಗೆ ಏನು ಮಾಡಬೇಕೆಂದು ತೋಚದೆ ಸಲಾಂ ಮಾಡಿದೆ.

ಬೆಳಿಗ್ಗೆಯೆಲ್ಲ ಔಷಧದ ಮಂಪರು, ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಹೊತ್ತು ಮಾತ್ರ ಎಚ್ಚರ. ಬೇರೆ ಹೊತ್ತಿಗೆ ಬದಲಾಯಿಸುವಂತಿರಲಿಲ್ಲ. ಆ ಹೊತ್ತೇ ಗುಡುಗಿನ ಹೊತ್ತು. ಎಷ್ಟು ದಿನ ಇದ್ದಾಳೋ ಅಷ್ಟು ದಿನ ಆ ಸ್ವಲ್ಪ ಹೊತ್ತು ಇವಳಿಗೆ ಸಿಗಬೇಕು, ಹೋಗುವಾಗ ಹೇಳಿ ಹೋಗಲು ಎರಡು ನಿಮಿಷ ಸಿಗಬೇಕು. ಅದಕ್ಕೆ ನಾನು ಜವಾಬ್ದಾರ ಅಂದುಕೊಂಡಿದ್ದೆ. ದೊಡ್ಡದಾಗಿ ಅಂದುಕೊಂಡಿದ್ದೆ.

ಆ ದಿನ ಬೆಳಿಗ್ಗೆ ಎಸ್ಟೇಟಿಗೆ ಆಳುಗಳನ್ನು ತುಂಬಿಕೊಂಡು ಹೊರಟಿದ್ದ ಜೀಪೊಂದು ನನ್ನ ಗ್ಯಾರೇಜಿನ ಮುಂದೆ ಸತ್ತು ನಿಂತಿತು. ಬ್ಯಾಟರಿ ಪೂರ್ತಿ ಹೋಗಿತ್ತು.

‘ಅಣ್ಣ, ಹೆಂಗಸ್ರೆಲ್ಲ ಕೂತಿದಾರೆ, ಹಾಜರಿ ಹಾಕಕ್ಕೆ ರೈಟರ್ ಗೇಟಲ್ಲಿ ಕಾಯ್ತಿರ್ತಾರೆ. ಏನಾದ್ರೂ ಮಾಡಿ ಮಾರಾಯ್ರೆ’ ಎಂದು ಡ್ರೈವರ್ ಅಂಗಲಾಚಿದ.

ನನ್ನ ಹತ್ತಿರ ಚಾರ್ಜ್ ಆದ ಬ್ಯಾಟರಿ ಒಂದೂ ಇರಲಿಲ್ಲ. ಇದ್ದದ್ದು ಕೆಳಗಿನ ಮನೆಯ ಮೇಜಿನ ಕೆಳಗೆ. ಆಕಾಶ ಶುಭ್ರವಾಗಿತ್ತು. ದಿಣ್ಣೆ ಇಳಿದು ಹೋದೆ. ಅವಳು ಹೊಲಿಯುತ್ತಿದ್ದಳು. ಬ್ಯಾಟರಿ ತೋರಿಸಿ, ಜೀಪು ತೋರಿಸಿ, ಆಮೇಲೆ ನೆತ್ತಿಯ ಮೇಲೆ ಬೆರಳು ಎತ್ತಿ ಸೂರ್ಯನನ್ನು ತೋರಿಸಿದೆ. ಸೂರ್ಯ ನೆತ್ತಿಗೆ ಬರುವುದರೊಳಗೆ ವಾಪಸು. ಅವಳು ತಲೆಯಾಡಿಸಿದಳು.

ಜೀಪು ಹೋಯಿತು. ಸೂರ್ಯ ನೆತ್ತಿಗೆ ಬಂದ, ಇಳಿದ. ಡ್ರೈವರ್ ಬರಲಿಲ್ಲ. ಅವನು ಬರಲಿಲ್ಲ ಎನ್ನುವುದೂ ನನಗೆ ನೆನಪಾಗಲಿಲ್ಲ. ಇನ್ನೊಂದು ಜೀಪಿನ ಗೇರ್ ಬಾಕ್ಸ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಮೂರೂಕಾಲರ ಹೊತ್ತಿಗೆ ದೇವರಮನೆ ಕಡೆಯಿಂದ ಒಂದು ಗುಡುಗು ಉರುಳಿತು. ಗ್ರೀಸ್ ಕೈಯಲ್ಲೇ ಒಳಗೆ ಓಡಿದೆ. ಸ್ವಿಚ್ ಒತ್ತಿದೆ. ಎಂದಿನಂತೆ ಹತ್ತು ಸಲ ಒತ್ತಿದೆ. ಗೋಡೆ ಗಡಿಯಾರ ನೋಡಿಕೊಂಡು ಎರಡು ನಿಮಿಷ ನಿಂತೆ, ಒಂದು ಸೆಕೆಂಡ್ ಕಮ್ಮಿ ಮಾಡಲಿಲ್ಲ. ಆಮೇಲೆ ಪ್ಲಗ್ ಕಿತ್ತೆ.

‘ಅವಳು ಮಾತಾಡ್ತಿರಬಹುದು, ಇನ್ನೊಂಚೂರು ತಡೀಬಾರದಾ? ಗುಡುಗು ಇನ್ನೂ ದೂರ ಇದೆ’ ಅಂದಳು ಹೆಂಡತಿ.

‘ಹೇಳಿಯೇ ಕಿತ್ತಿದ್ದೇನೆ’ ಅಂದೆ. ಎಷ್ಟು ಜಂಬದಿಂದ ಅಂದೆನೆಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಳೆ ಹೊಡೆಯಿತು. ಕತ್ತಲಾಗುವ ಮುಂಚೆ ಆ ಜೀಪು ಬಂದು ನಿಂತಿತು. ಡ್ರೈವರ್ ತಲೆಯ ಮೇಲೆ ಗೋಣಿ ಹೊದ್ದು ಇಳಿದು, ‘ಅಣ್ಣ, ನಿಮ್ಮ ಬ್ಯಾಟ್ರಿ’ ಅಂದ.

ಆಗ ನೆನಪಾಯಿತು ನನಗೆ, ನಾನು ಒತ್ತಿದ ಸ್ವಿಚ್ಚಿಗೆ ಬ್ಯಾಟರಿಯೇ ಇರಲಿಲ್ಲ. ಅವನ ಮೇಲೆ ಹಾರಿಬಿದ್ದೆ. ಮಧ್ಯಾಹ್ನದೊಳಗೆ ಅಂದಿರಲಿಲ್ಲವಾ, ನಿನಗೆ ಬುದ್ಧಿ ಇದೆಯಾ, ಅಂತೆಲ್ಲ ಬಾಯಿಗೆ ಬಂದಂತೆ ಬೈದೆ. ‘ಒಣಮರ ಬಿದ್ದು ಬೆಳಿಗ್ಗೆಯಿಂದ ರೋಡ್ ಬಂದ್ ಆಗಿತ್ತು ಮಾರಾಯ್ರೆ, ನಾನೇನ್ ಮಾಡ್ಲಿ’ ಅಂದ ಪಾಪದವನು. ಅವನದೇನು ತಪ್ಪು? ಬ್ಯಾಟರಿ ಕೊಟ್ಟವನು ನಾನು, ಮರೆತವನು ನಾನು, ಸತ್ತ ಸ್ವಿಚ್ಚನ್ನು ಹತ್ತು ಸಲ ಒತ್ತಿ ಗಡಿಯಾರ ನೋಡುತ್ತಾ ನಿಂತವನೂ ನಾನೇ.

ಮಳೆಯಲ್ಲೇ ಬ್ಯಾಟರಿ ಹೊತ್ತುಕೊಂಡು ಇಳಿದೆ. ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಷ್ಟೊತ್ತಿಗೆ ಕರೆಂಟೂ ಹೋಗಿ ಪರದೆ ಕಪ್ಪಾಗಿತ್ತು. ನಾನು ವೈರ್ ಜೋಡಿಸಿ, ಎರಡೂ ಕಿವಿ ಹಿಡಿದುಕೊಂಡೆ. ತಪ್ಪಾಯಿತು ಅನ್ನಲು ನನಗೆ ಗೊತ್ತಿದ್ದದ್ದು ಅಷ್ಟೇ. ಅವಳು ನನ್ನ ತೋಳಿನ ಮೇಲೆ ಎರಡು ಸಲ ತಟ್ಟಿ, ಗೋಡೆಯ ಗಡಿಯಾರದಲ್ಲಿ ಮೂರರ ಅಂಕಿ ತೋರಿಸಿದಳು. ನಾಳೆ ಮೂರಕ್ಕೆ. ಸಮಾಧಾನವಾಯಿತು ನನಗೆ. ಬಚಾವಾದೆ ಅಂದುಕೊಂಡೇ ದಿಣ್ಣೆ ಹತ್ತಿದೆ.

ಮಾರನೆಯ ದಿನ ಮೂರಕ್ಕೆ ಕರೆಂಟೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ಸಿಲ್ವರ್ ಓಕ್ ಮರವೊಂದು ಕರೆಂಟಿನ ಲೈನಿನ ಮೇಲೆ ಬಿದ್ದಿತ್ತು. ಮೋರಿಯ ಹತ್ತಿರವೂ ಸಿಗ್ನಲ್ ಸತ್ತಿತ್ತು. ಅವಳು ಆ ದಿನವೂ ಅದರ ಮಾರನೆಯ ದಿನವೂ ಮೂರು ಗಂಟೆಗೆ ಫೋನು ಹಿಡಿದು ಮೋರಿಗೆ ಬಂದು, ಕೈ ಎತ್ತಿ ಎತ್ತಿ ನೋಡಿ ಹೋದಳು. ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ತೋಟಕ್ಕೆ ಹೋದವನು ಅರ್ಧದಾರಿಯಿಂದ ವಾಪಸು ಬಂದು ಗ್ಯಾರೇಜಿನಲ್ಲಿ ನಿಂತ. ಮೇಲಿನ ಗುಡ್ಡ ಹತ್ತುವಾಗ ಅವನ ಫೋನಿಗೆ ಸಿಗ್ನಲ್ ಸಿಕ್ಕಿ, ಹಳೆಯ ಸುದ್ದಿಯೆಲ್ಲ ಒಟ್ಟಿಗೆ ಬಂದಿತ್ತು.

‘ಸಾಬ್ರೇ, ಘಟ್ಟದ ಕೆಳಗಿನವಳು ಹೋದ್ಲಂತೆ. ಗುಡುಗು ಬಂತಲ್ಲ, ಅದರ ಮಾರನೇ ದಿನ ಬೆಳಗಿನ ಜಾವ. ಮಣ್ಣೂ ಆಗಿದೆಯಂತೆ.’

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

‘ಸ್ವಲ್ಪ ಬನ್ನಿ ಸಾಬ್ರೇ, ನನಗೆ ಅವಳಿಗೆ ಹೇಳಕ್ಕೆ ಬರಲ್ಲ’ ಅಂದ. ‘ನಲವತ್ತು ವರ್ಷ ಆಯ್ತು, ನನಗೆ ಅವಳ ಹತ್ರ ಇದನ್ನ ಹೇಳಕ್ಕೆ ಬರಲ್ಲ ನೋಡಿ.’

ಇಬ್ಬರೂ ಹೋದೆವು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬರೆದು ಹೇಳಲು ನನಗೆ ಮನಸ್ಸಾಗಲಿಲ್ಲ. ಎರಡು ಬೆರಳನ್ನು ನನ್ನ ಗಲ್ಲದ ಮೇಲಿಟ್ಟೆ. ಅಲ್ಲಿಂದ ಮುಂದಕ್ಕೆ ನನ್ನ ಕೈ ಹೋಗಲಿಲ್ಲ. ಅವಳು ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಅವಳ ಬಾಯಿಂದ ಒಂದು ಸದ್ದು ಬಂತು. ಇಷ್ಟು ವರ್ಷದಲ್ಲಿ ನಾನು ಅವಳಿಂದ ಕೇಳಿದ ಸದ್ದು ಅದೊಂದೇ.

ಸಂಜೆಗೆ ಕರೆಂಟು ಬಂತು. ಮಾರನೆಯ ದಿನ ಮೂರು ಗಂಟೆಗೆ ಅವಳು ಕಂಪ್ಯೂಟರ್ ಹಾಕಿಕೊಂಡು ಕೂತಿದ್ದಳೆಂದು ನನ್ನ ಹೆಂಡತಿ ಬಂದು ಹೇಳಿದಳು. ಸುಮ್ಮನೆ ಕೂತಿದ್ದಳಂತೆ. ಹೆಂಡತಿ ಪಕ್ಕದಲ್ಲಿ ಕೂತು ಬಂದಳು. ನಾನು ಹೋಗಲಿಲ್ಲ. ಎಷ್ಟೋ ವಾರ ಹೋಗಲಿಲ್ಲ. ಕೆಲಸ ಇದೆ ಅಂದೆ, ಮಳೆ ಅಂದೆ. ಹೆದರಿಕೆ, ಬೇರೇನಿಲ್ಲ. ಬೈದರೆ ಬೈಯಲಿ ಅಂದುಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದ್ದಾಳೆಂದು ಗೊತ್ತಾಯಿತು. ಇನ್ನು ಆ ದೀಪ ಕಣ್ಣೆದುರು ಇದ್ದರೆ ಅವಳಿಗೆ ಸಂಕಟ, ಬಿಚ್ಚಿಕೊಂಡು ಬರೋಣ ಅಂತ ಹೋದೆ. ಸಂಕಟ ಅವಳಿಗೋ ನನಗೋ, ದೇವರಿಗೇ ಗೊತ್ತು. ಸ್ಕ್ರೂಡ್ರೈವರ್ ಹಿಡಿದು ಪರದೆಯ ಹತ್ತಿರ ನಿಂತೆ. ಆದರೆ ಕೇಳದೆ ಇರಲಾಗಲಿಲ್ಲ. ಗಲ್ಲದ ಮೇಲೆ ಎರಡು ಬೆರಳಿಟ್ಟು, ಪ್ಲಗ್ ಕೀಳುವಂತೆ ಮಾಡಿ, ಕೈ ತಿರುಗಿಸಿದೆ. ಆ ದಿನ, ನಾನು ಕೀಳುವಾಗ, ಆಕೆ ಏನು ಹೇಳುತ್ತಿದ್ದಳು?

ಅವಳು ಮೇಜಿನ ಮೇಲಿದ್ದ ರವಿಕೆ ಬಟ್ಟೆ ಸರಿಸಿ ಸೀಮೆಸುಣ್ಣ ತೆಗೆದುಕೊಂಡಳು. ನಿಧಾನವಾಗಿ, ಅದೇ ಮುದ್ದಾದ ಅಕ್ಷರದಲ್ಲಿ ಬರೆದಳು.

‘ಗೊತ್ತಿಲ್ಲ. ಆ ದಿನ ದೀಪ ಇರಲ್ಲ ಅಂತ ಆಗಾಗ ಕಿಟಕಿ ನೋಡುತ್ತಿದ್ದೆ. ಒಂದು ಸಲ ಮಿಂಚಿದ ಹಾಗಾಯಿತು, ತಿರುಗಿ ನೋಡಿದೆ. ಆಗ ಅವಳ ಕೈ ಏನೋ ಹೇಳಿದ್ದು ಕಣ್ಣಂಚಿಗೆ ಕಂಡಿತು. ಇತ್ತ ತಿರುಗುವುದರಲ್ಲಿ ಚಿತ್ರ ನಿಂತುಹೋಗಿತ್ತು. ಅವಳ ಎರಡು ಕೈಯೂ ಹೊದಿಕೆಯ ಮೇಲೆ ಕೆಳಗಿದ್ದವು. ಹೇಳಿ ಮುಗಿಸಿದ್ದಳು.’

ಓದಿದೆ. ಮತ್ತೆ ಓದಿದೆ. ಫೋನು ಹಿಡಿದಿದ್ದ ಹುಡುಗಿ ನೋಡಿರಬಹುದಲ್ಲ ಅನ್ನಲು ಹೊರಟೆ, ಆ ಹುಡುಗಿಗೆ ಕೈಭಾಷೆ ಬರುವುದಿಲ್ಲವೆಂದು ನೆನಪಾಯಿತು. ಆ ಮಾತು ಹೇಳಿದವಳು ಮಣ್ಣಾಗಿದ್ದಾಳೆ, ನೋಡಿದವಳಿಗೆ ಅರ್ಥವಾಗಿಲ್ಲ, ಅರ್ಥವಾಗುವವಳು ನೋಡಿಲ್ಲ. ಅಷ್ಟು ವಯಸ್ಸಾದ ನಾನು ಅವಳ ಎದುರಿಗೇ ಅತ್ತುಬಿಟ್ಟೆ. ಅವಳು ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಬರೆದದ್ದನ್ನು ಅಂಗೈಯಿಂದ ಒರೆಸಿದಳು. ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ದೀಪ ಬಿಚ್ಚಲು ಬಿಡಲಿಲ್ಲ.

ಅದು ಇನ್ನೂ ಅಲ್ಲೇ ಇದೆ. ಗುಡುಗಿದರೆ ನಾನು ಈಗಲೂ ಸ್ವಿಚ್ ಒತ್ತುತ್ತೇನೆ, ಎರಡು ನಿಮಿಷ ನಿಲ್ಲುತ್ತೇನೆ. ಅಲ್ಲಿ ಯಾರೂ ಯಾರಿಗೂ ಬರುತ್ತೇನೆ ಅಂತ ಹೇಳುವುದಿಲ್ಲ. ಆ ಎರಡು ನಿಮಿಷ ನನ್ನ ಕಣ್ಣಿಗೆ ಬರುವುದು ಗುಡುಗಲ್ಲ, ಮಳೆಯಲ್ಲ, ಆ ದಿನದ ಬೆಳಗು. ಮಧ್ಯಾಹ್ನದೊಳಗೆ ತರುತ್ತೇನೆಂದು ನಾನು ಸೂರ್ಯನ ಕಡೆ ಬೆರಳು ತೋರಿಸಿದಾಗ ಅವಳು ನಂಬಿ ಮೆಷಿನ್ ಬಿಟ್ಟು ಎದ್ದಿದ್ದಳು. ಭಾರ ಇದೆಯೆಂದು ಬ್ಯಾಟರಿಯ ಒಂದು ಬದಿ ತಾನೇ ಹಿಡಿದು, ಬಾಗಿಲವರೆಗೆ ಹೊತ್ತುಕೊಟ್ಟಿದ್ದಳು.